ಮೋನವ್ವನ ಏದುಸಿರು ಪೆಟ್ಟಿಗೆ

ಬಹಳ ಬಹಳ ಹಿಂದೆ, ಹೊಳೆಗೆ ಇನ್ನೂ ಸೇತುವೆ ಬಾರದ ಕಾಲದಲ್ಲಿ, ಇದ್ದಿಲಗೇರಿ ಎಂಬ ಒಂದು ಊರಿತ್ತು. ಆ ಊರಿಗೆ ಹೋಗಬೇಕಾದರೆ ಹರಿಗೋಲು ಬೇಕು, ಬಿಟ್ಟು ಬರಬೇಕಾದರೂ ಹರಿಗೋಲು ಬೇಕು. ಊರಿನ ಕೆಳಗಡೆ ಕಂಬಾರರ ಓಣಿ. ಓಣಿಯ ಕೊನೆಗೆ ಒಂದು ಕುಲುಮೆ. ಆ ಕುಲುಮೆಯಲ್ಲಿ ತಿದಿ ಒತ್ತುತ್ತಿದ್ದವಳು ಮೋನವ್ವ.

ತಿದಿ ಎಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಹೇಳಿಬಿಡಬೇಕು. ಆಡಿನ ತೊಗಲಿನ ಎರಡು ಚೀಲ, ಒಂದೊಂದು ಕೈಗೆ ಒಂದೊಂದು. ಬಲಗೈ ಎತ್ತಿದಾಗ ಆ ಚೀಲ ಬಾಯಿ ತೆರೆದು ಗಾಳಿ ಕುಡಿಯುತ್ತದೆ, ಎಡಗೈ ಒತ್ತಿದಾಗ ಈ ಚೀಲ ಕುಡಿದ ಗಾಳಿಯನ್ನು ಕೆಂಡಕ್ಕೆ ಊದುತ್ತದೆ. ಎರಡು ಕೈಯೂ ನಿಲ್ಲುವಂತಿಲ್ಲ. ನಿಂತರೆ ಕೆಂಡ ಮಂಕಾಗುತ್ತದೆ, ಕೆಂಡ ಮಂಕಾದರೆ ಕಬ್ಬಿಣ ತಣಿಯುತ್ತದೆ, ಕಬ್ಬಿಣ ತಣಿದರೆ ಬಡಿಯುವವನು ಬೈಯುತ್ತಾನೆ. ಬಡಿದವನ ಹೆಸರು ನೇಗಿಲಿನ ಕುಡದ ಮೇಲೆ, ಕುಡುಗೋಲಿನ ಮೇಲೆ ನಿಲ್ಲುತ್ತದೆ. ಊದಿದವಳ ಹೆಸರು ಯಾವುದರ ಮೇಲೂ ನಿಲ್ಲುವುದಿಲ್ಲ. ಆದರೂ ಇದ್ದಿಲಗೇರಿಯಲ್ಲಿ ಮೋನವ್ವನ ಹೆಸರೇ ಉಳಿಯಿತು. ಹೇಗೆ ಉಳಿಯಿತು ಎಂಬುದೇ ಈ ಕತೆ.

ಮೋನವ್ವನ ಗಂಡ ಒಳ್ಳೆಯ ಕಸುಬುಗಾರನಂತೆ. ಅವನು ಬಡಿದ ಕುಡ ಎರೆನೆಲದಲ್ಲಿ ಮೂರು ಹಂಗಾಮು ಮೊಂಡಾಗುತ್ತಿರಲಿಲ್ಲವಂತೆ. ಹೊಳೆ ಹರಿದು ಹೋಗುವ ದಿಕ್ಕಿಗೆ, ಎಷ್ಟೋ ದಿನದ ದಾರಿಯಾಚೆ, ಬಿಳಿಯ ದೊರೆಗಳು ಕಬ್ಬಿಣದ ಸೇತುವೆ ಕಟ್ಟಿಸುತ್ತಿದ್ದರು. ಮೊಳೆಯನ್ನು ಕೆಂಪಗೆ ಕಾಯಿಸಿ ಬಡಿಯುವವರು ಅವರಿಗೆ ಬೇಕಾಗಿದ್ದರು. ದಸರೆ ಕಳೆದು ಬರುವ ಸೀಗಿ ಹುಣ್ಣಿಮೆಗೆ ಬರುತ್ತೇನೆಂದು ಹೇಳಿ ಅವನು ಹರಿಗೋಲು ಹತ್ತಿದ. ಯಾವ ವರ್ಷದ ಸೀಗಿ ಹುಣ್ಣಿಮೆ ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಆ ವರ್ಷ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಮೈದುನ ದೇವೇಂದ್ರ ಸುತ್ತಿಗೆ ಹಿಡಿದ, ಮೋನವ್ವ ತಿದಿ ಒತ್ತಿದಳು. ನೀರಿಗೆ ಹೋದರೆ ಹೆಂಗಸರು ಕೇಳುವರು: "ಸುದ್ದಿ ಬಂತೇನವಾ?" ಕುಡ ಹಣಿಸಲು, ಅಂದರೆ ಬಡಿದು ಚೂಪು ಮಾಡಿಸಲು, ಬಂದ ಒಕ್ಕಲಿಗರು ಕೇಳುವರು: "ಏನರ ಸುದ್ದಿ?" ಮಠದ ಅಯ್ಯನವರು ಭಿಕ್ಷೆಗೆ ಬಂದಾಗ ಜೋಳಿಗೆ ಬಿಡಿಸುವ ಮೊದಲೇ ಕೇಳುವರು. ಕೆಟ್ಟ ಮನಸ್ಸಿನಿಂದ ಕೇಳಿದವರು ಒಬ್ಬರೂ ಇರಲಿಲ್ಲ. ಇಲ್ಲ, ಇಲ್ಲ, ಇಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳಿ ಅವಳ ಬಾಯಿ ದಣಿಯಿತು. ತಿದಿ ಒತ್ತಿ ದಣಿದ ತೋಳಿಗೆ ರಾತ್ರಿ ಎಣ್ಣೆ ಹಚ್ಚಬಹುದು. ಇಲ್ಲ ಅಂದು ದಣಿದ ಬಾಯಿಗೆ ಏನು ಹಚ್ಚುವುದು?

ಮೂರನೆಯ ವರ್ಷ ಒಂದು ಗಂಟು ಬಂತು.

ತಂದುಕೊಟ್ಟವನು ಅಂಬಿಗರ ಹನಮಪ್ಪ. ಅವನಿಗೆ ಕೊಟ್ಟವನು ಒಬ್ಬ ಬಳೆಗಾರ. ಬಳೆಗಾರನಿಗೆ ಒಬ್ಬ ಗಾಡಿಯವನು, ಗಾಡಿಯವನಿಗೆ ಸೇತುವೆಯ ಕೆಲಸದಿಂದ ಹೊರಟಿದ್ದ ಯಾರೋ ಒಬ್ಬ. ನಾಲ್ಕು ಕೈ ದಾಟುವಾಗ ಗಂಟು ಹಾಗೇ ಉಳಿದಿತ್ತು, ಅದರ ಜೊತೆಗಿದ್ದ ಮಾತು ಸವೆದುಹೋಗಿತ್ತು. ಹನಮಪ್ಪನ ಹತ್ತಿರ ಉಳಿದದ್ದು ಇಷ್ಟೇ: "ಹರದೈತಿ, ಹೊಲದು ಇಟ್ಕೊ ಅಂದಾರಂತ." ಯಾವಾಗ ಅಂದದ್ದು? ನಗುತ್ತ ಅಂದದ್ದೋ, ಮಲಗಿದಲ್ಲಿಂದ ಅಂದದ್ದೋ? ಹನಮಪ್ಪನಿಗೆ ಗೊತ್ತಿರಲಿಲ್ಲ. ಬದುಕಿದ್ದವನು ಹೆಂಡತಿಗೆ ಕಳಿಸಿದ ಕಾಣಿಕೆಯೋ, ಸತ್ತವನ ತಲೆದಿಂಬಿನ ಬಳಿ ಸಿಕ್ಕಿದ್ದನ್ನು ಯಾರೋ ಪುಣ್ಯಾತ್ಮರು ಮನೆಗೆ ಮುಟ್ಟಿಸಿದ್ದೋ, ಅದೂ ಗೊತ್ತಿರಲಿಲ್ಲ. ಮೋನವ್ವ ಗಂಟಿನ ಕಂಬಳಿಯನ್ನು ಮುಖಕ್ಕೆ ಹಿಡಿದು ನೋಡಿದಳಂತೆ. ಹರಿಗೋಲಿನ ಮೀನಿನ ವಾಸನೆ ಬಿಟ್ಟು ಬೇರೆ ಏನೂ ಬರಲಿಲ್ಲವಂತೆ.

ಕಂಬಳಿಯೊಳಗೆ ಇದ್ದದ್ದು ಒಂದು ಪುಟ್ಟ ಪೆಟ್ಟಿಗೆ. ಆ ತುದಿಗೊಂದು ಈ ತುದಿಗೊಂದು ಆರು ಮೂಲೆಯ ಮರದ ಬಿಲ್ಲೆ, ನಡುವೆ ಮಡಿಕೆ ಮಡಿಕೆಯಾಗಿ ಮಡಚಿದ ತೊಗಲು. ಎರಡು ಬಿಲ್ಲೆಗೂ ಎಲುಬಿನ ಗುಂಡಿಗಳು. ಎರಡು ಕೈಯಲ್ಲಿ ಹಿಡಿದು ಎಳೆದರೆ ಹಿಗ್ಗಬೇಕು, ಒತ್ತಿದರೆ ಕುಗ್ಗಬೇಕು, ಗುಂಡಿ ಅದುಮಿದರೆ ದನಿ ಬರಬೇಕು. ಓದಿದವರು ಅದಕ್ಕೆ ಕಾನ್ಸರ್ಟಿನಾ ಎನ್ನುತ್ತಾರೆ. ನಾಟಕದವರ ಹಾರ್ಮೋನಿಯಂಗೆ ದೂರದ ನೆಂಟ. ಇದ್ದಿಲಗೇರಿಯಲ್ಲಿ ಅಂಥದ್ದನ್ನು ಕಂಡವರು ಯಾರೂ ಇರಲಿಲ್ಲ. ಮಡಿಕೆಗಳು ಮೂರು ಕಡೆ ಹರಿದಿದ್ದವು. ಎಳೆದರೆ ಬರೀ ಗಾಳಿ.

ದೇವೇಂದ್ರ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೈಬಿಟ್ಟ. ಮೋನವ್ವ ಕೈಬಿಡಲಿಲ್ಲ. ತೊಗಲು ಮತ್ತು ಗಾಳಿ, ಇವೆರಡರ ವ್ಯವಹಾರ ಅವಳಿಗಿಂತ ಚೆನ್ನಾಗಿ ಆ ಸೀಮೆಯಲ್ಲಿ ಯಾರಿಗೆ ಗೊತ್ತಿತ್ತು? ಎಳೆಯ ಮರಿಯ ತೊಗಲು ತರಿಸಿದಳು. ಬಿಸಿಲಿಗೆ ಹಾಕದೆ ನೆರಳಲ್ಲಿ ಒಣಗಿಸಿದಳು. ಹರಳೆಣ್ಣೆ ತಿಕ್ಕಿ ತಿಕ್ಕಿ ವೀಳ್ಯದೆಲೆಯಷ್ಟು ತೆಳ್ಳಗೆ ಮಾಡಿದಳು. ಹುಣಸೆ ಬೀಜ ಕುದಿಸಿ ಅಂಟು ಮಾಡಿ ಒಳಗಿನಿಂದ ಹಚ್ಚಿದಳು. ಎರಡು ಅಮಾವಾಸ್ಯೆಗಳ ಬಿಡುವು ಅದಕ್ಕೇ ಹೋಯಿತು. ಅಮಾವಾಸ್ಯೆಯೊಂದು ದಿನ ಕುಲುಮೆಗೆ ಬೆಂಕಿ ಇಲ್ಲ, ಅವಳ ಕೈಗೆ ಇಡೀ ದಿನದ ಬಿಡುವು ಸಿಗುವುದು ಅಂದು ಮಾತ್ರ.

ಮೂರನೆಯ ಅಮಾವಾಸ್ಯೆಗೆ ಪೆಟ್ಟಿಗೆ ಉಸಿರಾಡಿತು.

ಅವಳಿಗೆ ರಾಗ ಗೊತ್ತಿರಲಿಲ್ಲ. ತಿದಿ ಗೊತ್ತಿತ್ತು. ಅದೇ ಲೆಕ್ಕದಲ್ಲಿ ಎಳೆದಳು, ಅದೇ ಲೆಕ್ಕದಲ್ಲಿ ಒತ್ತಿದಳು. ಅಷ್ಟೊಂದು ಗುಂಡಿಗಳಲ್ಲಿ ನಾಲ್ಕು ಅವಳ ಮನಸ್ಸಿಗೆ ಬಂದವು. ಉಳಿದವನ್ನು ಕೊನೆಯವರೆಗೂ ಮುಟ್ಟಲಿಲ್ಲ. ಎಳೆಯುವಾಗ ಒಂದು ದನಿ, ಒತ್ತುವಾಗ ಬೇರೊಂದು ದನಿ, ನಡುವೆ ಹೊಸ ತೊಗಲಿನ ಒಂದು ಸಣ್ಣ ಗೊರಗೊರ. ಮಧ್ಯಾಹ್ನ ಕಬ್ಬಿಣ ಆರುವ ಹೊತ್ತಿನಲ್ಲಿ ಕುಲುಮೆಯ ಕಟ್ಟೆಯ ಮೇಲೆ ಕೂತು ಅವಳು ಅದನ್ನು ನುಡಿಸುತ್ತಿದ್ದಳು. ಕೇಳಿದವರಿಗೆ ಆಕಳಿಕೆ ಬರುತ್ತಿತ್ತಂತೆ. ಬೇಸರದ ಆಕಳಿಕೆಯಲ್ಲ, ಹೊರೆ ಇಳಿಸಿದವರಿಗೆ ಬರುವಂಥದ್ದು. ನೀರು ಹೊತ್ತವರು ಕೊಡ ಕೆಳಗಿಡುತ್ತಿದ್ದರಂತೆ. ಬೀಸುವವರ ಕೈ ಗೂಟದ ಮೇಲೇ ನಿಲ್ಲುತ್ತಿತ್ತಂತೆ. ಒಮ್ಮೆ ಹೊಳೆದಂಡೆಯ ಹೊಲದಲ್ಲಿ ಉಳುತ್ತಿದ್ದ ಎತ್ತುಗಳು ಸಾಲಿನ ನಡುವೆಯೇ ಮಲಗಿಬಿಟ್ಟು, ಹೊಲದ ಒಡೆಯ ಕೋಲು ಹಿಡಿದು ಕುಲುಮೆಗೆ ಬಂದು, ಬೈಯಲು ಬಾಯಿ ತೆರೆದು, ತಾನೂ ಕೂತುಬಿಟ್ಟನೆಂದು ಹೇಳುತ್ತಾರೆ. ಎತ್ತುಗಳ ಮಾತು ಇರಲಿ. ಕೊಡ ಇಳಿಸಿದ್ದು ಮಾತ್ರ ನಿಜ, ಇಳಿಸಿದವರ ಮೊಮ್ಮಕ್ಕಳೇ ಹೇಳಿದ್ದಾರೆ.

ಈಗ ಹೆಸರಿನ ವಿಷಯ.

ಹಡಪದ ನಿಂಗಪ್ಪ ಎಂಬ ಕ್ಷೌರಿಕ ಕತ್ತಿ ಹಣಿಸಲು ಕುಲುಮೆಗೆ ಬರುತ್ತಿದ್ದ. ಕತ್ತಿ ಮೊಂಡಾದರೂ ನಾಲಿಗೆ ಮೊಂಡಾಗದ ಮನುಷ್ಯ. ಮೊದಲ ಸಲ ಪೆಟ್ಟಿಗೆಯ ದನಿ ಕೇಳಿದವನೇ ಕಿವಿಯ ಮೇಲೆ ಕೈಯಿಟ್ಟು ಆಲಿಸಿದ.

"ಯಕ್ಕಾ, ನಮ್ಮ ಯಮನಪ್ಪಗೌಡ್ರು ಮಾಳಿಗಿ ಹತ್ತಾಕತ್ತಾರೇನು? ಅವ್ರು ಏದಿದಂಗ ಕೇಳ್ತೈತಲ್ಲ!"

ಯಮನಪ್ಪಗೌಡರು ಊರಿನ ಗೌಡರು. ದೊಡ್ಡ ಮೈ, ಸಣ್ಣ ಉಸಿರು. ಸಂಜೆಯೊಳಗೆ ಊರಿಗೆಲ್ಲ ಪೆಟ್ಟಿಗೆ ‘ಏದುಸಿರು ಯಮನಪ್ಪ’ ಆಯಿತು.

ತೊಂದರೆ ಶುರುವಾದದ್ದು ಗೌಡರ ಮನೆಯಲ್ಲಿ. ಆ ಮನೆಗೆ ಮೂವರು ಸೊಸೆಯಂದಿರು. ಸೊಸೆಯಾದವಳು ಮಾವನ ಹೆಸರು ಬಾಯಲ್ಲಿ ಹೇಳುವುದುಂಟೇ? ಪೆಟ್ಟಿಗೆ ಕೇಳಲು ಹೋಗಬೇಕೆಂಬ ಆಸೆ ಮೂವರಿಗೂ ಇತ್ತು, ಎಲ್ಲಿಗೆ ಹೋಗುತ್ತೇವೆಂದು ಹೇಳಲು ಬಾಯಿ ಬರುತ್ತಿರಲಿಲ್ಲ. ಕಿರಿಯವಳು ಚುರುಕು. ಅವಳು ಅದಕ್ಕೆ ‘ಮಡಿಕಿ ಮಾವ’ ಎಂದು ಹೆಸರಿಟ್ಟಳು. ಗೌಡರ ಓಣಿಯಲ್ಲಿ ಅದೇ ನಿಂತಿತು.

ಪಿಂಜಾರರ ಹೆಂಗಸರು ‘ಬಿಕ್ಕಳಿಕಿ ಬೀಬಿ’ ಎಂದರು. ಆದರೆ ಅವರಲ್ಲೇ ಒಂದು ಮನೆಯ ಅತ್ತೆಯ ಹೆಸರು ಬೀಬಿಜಾನ್. ಆ ಮನೆಯ ಸೊಸೆ ‘ಬಾಲ ತುಳಿದ ಬೆಕ್ಕು’ ಎಂದು ಬದಲಿಸಿಕೊಂಡಳು. ಕುರುಬರು ‘ನೆಗಡಿ ಟಗರು’ ಎಂದರು. ಅಂಬಿಗರು ‘ತೂತು ಹರಗೋಲು’ ಎಂದು ಹೆಸರಿಟ್ಟು, ಆಮೇಲೆ ತಮ್ಮ ಹರಿಗೋಲಿಗೆ ಜನ ಹತ್ತಲು ಹೆದರಿದಾಗ ಪಶ್ಚಾತ್ತಾಪಪಟ್ಟರು. ನೇಕಾರರು ‘ಹಸಿದ ಹೊಟ್ಟಿ’ ಎಂದರು, ಒಳಗೆ ಹೊರಗೆ ಆಡುವುದನ್ನು ನೋಡಿ. ಮಠದ ಅಯ್ಯನವರು ಕೂಡ ಬಿಡಲಿಲ್ಲ. ಎಷ್ಟು ಕೊಟ್ಟರೂ ಒಳಗೆ ಎಳೆದುಕೊಳ್ಳುತ್ತದೆ, ಅದುಮಿದರೆ ಮಾತ್ರ ಬಿಡುತ್ತದೆ, ಇದು ‘ಆಸೆಬುರುಕ’ ಎಂದರಂತೆ. ಹೀಗೆ ಒಂದು ಓಣಿಯ ಹೆಸರು ಇನ್ನೊಂದು ಓಣಿಯ ಯಾರದೋ ಗಂಡನಿಗೋ ಮಾವನಿಗೋ ತಗುಲಿ, ಅಲ್ಲೊಂದು ಹೊಸ ಹೆಸರು ಹುಟ್ಟಿ, ಒಂದು ಪೆಟ್ಟಿಗೆಗೆ ಹನ್ನೊಂದು ಹೆಸರಾದವು. ಈ ಕತೆ ಹೇಳಿದವರಿಂದ ಕೇಳಿ ಬರೆದಿಟ್ಟ ಪಟ್ಟಿಯಲ್ಲಿ ಹತ್ತು ಇವೆ. ಹನ್ನೊಂದನೆಯದು ಗೊತ್ತಿರುವ ಗಂಡಸರು ಹೆಣ್ಣುಮಕ್ಕಳ ಮುಂದೆ ಹೇಳುವಂಥದ್ದಲ್ಲವೆಂದು ನಕ್ಕು ಸುಮ್ಮನಾಗುತ್ತಾರೆ.

ಮೋನವ್ವ ಮಾತ್ರ ಯಾವ ಹೆಸರೂ ಇಡಲಿಲ್ಲ. ಅವಳು ಅದನ್ನು ‘ಇದು’ ಎನ್ನುತ್ತಿದ್ದಳು.

ಹೆಸರುಗಳು ಹುಟ್ಟಿದ ಮೇಲೆ ಒಂದು ಸಂಗತಿ ನಡೆಯಿತು. ಯಾರೂ ಗಮನಿಸಲಿಲ್ಲ, ಮೋನವ್ವ ಗಮನಿಸಿದಳು. ನೀರಿಗೆ ಹೋದಾಗ ಹೆಂಗಸರು "ಸುದ್ದಿ ಬಂತೇನವಾ?" ಎಂದು ಕೇಳುವುದು ನಿಂತುಹೋಯಿತು. "ಮಡಿಕಿ ಮಾವ ಹೆಂಗದಾನವಾ?" ಎಂದು ಕೇಳತೊಡಗಿದರು. ನಿಂಗಪ್ಪ ದಿನಾ ದೂರದಿಂದಲೇ ಕೂಗುವನು: "ಯಕ್ಕಾ, ನೆಗಡಿ ಟಗರು ಹೆಂಗೈತಿ?" ಅವಳು ತಿದಿ ಒತ್ತುತ್ತಲೇ ಹೇಳುವಳು: "ಉಸಿರಾಡ್ತೈತಿ." ಅಷ್ಟೇ. ಇಲ್ಲ ಎಂಬ ಮಾತು ಅವಳ ಬಾಯಿಂದ ಇಳಿದುಹೋಯಿತು. ಮೂರು ವರ್ಷಗಳ ಮೇಲೆ ಅವಳು ನಕ್ಕಿದ್ದು ಅಂಬಿಗರ ಪಶ್ಚಾತ್ತಾಪದ ಸುದ್ದಿ ಕೇಳಿದಾಗ ಎನ್ನುತ್ತಾರೆ.

ನಿಂಗಪ್ಪ ಇದನ್ನೆಲ್ಲ ಬೇಕೆಂದೇ ಮಾಡಿದ ಎಂದು ಕಂಬಾರ ಓಣಿಯವರು ಹೇಳುತ್ತಾರೆ. ಅವನಿಗೆ ಅಷ್ಟು ಬುದ್ಧಿ ಎಲ್ಲಿತ್ತು ಎಂದು ನಿಂಗಪ್ಪನ ಮನೆಯವರೇ ಹೇಳುತ್ತಾರೆ. ಎರಡನ್ನೂ ಬರೆದಿಡುವುದು ನ್ಯಾಯ.

ವರ್ಷಗಳು ಹೋದವು. ಮೋನವ್ವ ತಿದಿ ಒತ್ತಿದಳು, ಪೆಟ್ಟಿಗೆಯ ತೊಗಲು ಹರಿದಾಗೆಲ್ಲ ಹೊಲಿದಳು. ಗಂಡ ಹೋಗಿ ಹನ್ನೆರಡು ವರ್ಷವಾದವು.

ಹನ್ನೆರಡು ವರ್ಷ ಎಂದರೆ ಸುಮ್ಮನಲ್ಲ. ಹೋದವನ ಸುದ್ದಿ ಹನ್ನೆರಡು ವರ್ಷ ಬಾರದಿದ್ದರೆ ಅವನನ್ನು ಇಲ್ಲವೆಂದು ತಿಳಿಯಬೇಕು. ಹುಲ್ಲಿನ ಮನುಷ್ಯನನ್ನು ಮಾಡಿ, ಚಟ್ಟಕ್ಕೇರಿಸಿ, ಸುಟ್ಟು, ನೀರು ಬಿಡಬೇಕು. ಹೆಂಡತಿಯ ಬಳೆ ಒಡೆಯಬೇಕು. ಅದು ಅಲ್ಲಿಯ ಕಟ್ಟು.

ಮೈದುನ ದೇವೇಂದ್ರ ಕೆಟ್ಟವನಲ್ಲ. ಒಂದು ದಿನವೂ ಅತ್ತಿಗೆಗೆ ಎರಡು ಮಾತು ಆಡಿದವನಲ್ಲ. ಆದರೆ ಅವನ ಮಗಳು ನೀಲವ್ವನ ಮದುವೆ ಗೊತ್ತಾಗಿತ್ತು. ಹಂದರದ ಪೂಜೆಗೆ ಮನೆಯ ಹಿರಿಯ ಗಂಡ ಹೆಂಡತಿ ಮಣೆಯ ಮೇಲೆ ಕೂರಬೇಕು. ಹಿರಿಯ ಬದುಕಿದ್ದರೆ ಕಿರಿಯ ಆ ಮಣೆಗೆ ಕೂರುವಂತಿಲ್ಲ. ಹಿರಿಯ ಇಲ್ಲವೆಂದರೆ ಇಲ್ಲವೆಂದು ನಾಲ್ಕು ಜನರ ಮುಂದೆ ಆಗಬೇಕು. ಬೀಗರು ಒಂದು ವರ್ಷ ಕಾದರು, ಎರಡು ವರ್ಷ ಕಾದರು. ಮೂರನೆಯ ವರ್ಷ ಹೇಳಿ ಕಳಿಸಿದರು: ಬರುವ ಅಮಾವಾಸ್ಯೆಯೊಳಗೆ ಮಣೆ ಯಾರದೆಂದು ತೀರಿಸಿ, ಇಲ್ಲವಾದರೆ ನಮ್ಮ ಹುಡುಗನಿಗೆ ಬೇರೆ ಕಡೆ ನೋಡುತ್ತೇವೆ.

ಕುಲದ ಪಂಚಾಯಿತಿಗೆ ಅಲ್ಲಿ ದೈವ ಎನ್ನುತ್ತಾರೆ. ಆ ದೈವದ ಹಿರಿಯ, ಅಕ್ಕಸಾಲಿಗ ಪತ್ತಾರ ಗುರುನಾಥಪ್ಪನವರು ಕುಲುಮೆಯ ಕಟ್ಟೆಗೆ ಬಂದು ಕೂತರು. ಅವರ ಜೊತೆ ಇನ್ನಿಬ್ಬರು. ಕತ್ತಿ ಹಣಿಸಲು ಬಂದಿದ್ದ ನಿಂಗಪ್ಪ ಅಲ್ಲೇ ಮೂಲೆಯಲ್ಲಿದ್ದ. ಗುರುನಾಥಪ್ಪನವರು ಮೆತ್ತಗೆ ಕೇಳಿದರು.

"ನೀನ ಒಂದು ಮಾತು ಹೇಳಿಬಿಡು ತಂಗಿ. ಅದಾನಂತಿಯೋ, ಇಲ್ಲಂತಿಯೋ?"

ಮೋನವ್ವನ ಕೈ ತಿದಿಯ ಮೇಲಿತ್ತು. ಅದಾರ ಎಂದರೆ ಅವಳಿಗೆ ಗೊತ್ತಿಲ್ಲದ್ದನ್ನು ಹೇಳಿದಂತೆ. ಇಲ್ಲ ಎಂದರೂ ಗೊತ್ತಿಲ್ಲದ್ದನ್ನೇ ಹೇಳಿದಂತೆ. ಸುಳ್ಳು ಹೇಳಿ ಬಳೆ ಉಳಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ. ಸುಳ್ಳು ಹೇಳಿ ಬಳೆ ಒಡೆಸಿಕೊಳ್ಳುವುದೂ ಬೇಕಿರಲಿಲ್ಲ. ಎಲ್ಲರೂ ಎದ್ದು ಹೋದರೆ ಸಾಕು, ಸ್ವಲ್ಪ ಹೊತ್ತು ಗೋಡೆಗೆ ಒರಗಿ ಕೂರಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

"ನನಗ ಗೊತ್ತಿಲ್ರೀ ಯಪ್ಪಾ," ಎಂದಳು. "ಗೊತ್ತಿದ್ದರ ಹನ್ನೆರಡು ವರ್ಷ ಯಾಕ ಸುಮ್ಮನ ಕುಂದರ್ತಿದ್ದೆ."

ಆ ಸಂಜೆ ನೀಲವ್ವ ದೊಡ್ಡವ್ವನ ತೋಳಿಗೆ ಎಣ್ಣೆ ಹಚ್ಚುತ್ತ, ಮದುವೆ ಬ್ಯಾಡ ಬಿಡು ದೊಡ್ಡವ್ವಾ, ನಾ ಇಲ್ಲೇ ಇರ್ತೇನಿ ಎಂದಳಂತೆ. ಮೋನವ್ವ ಕೈ ಎಳೆದುಕೊಂಡಳು.

"ಹುಚ್ಚಿ. ಈ ಮನ್ಯಾಗ ಕಾಯೂದು ಒಬ್ಬಾಕಿಗೆ ಸಾಕು. ನೀ ಕಲೀಬ್ಯಾಡ."

ಮರುದಿನ ಅವಳೇ ಗುರುನಾಥಪ್ಪನವರ ಮನೆಗೆ ಹೋದಳು. ಸೆರಗಿನ ಕೆಳಗೆ ಪೆಟ್ಟಿಗೆ ಇತ್ತು. ಅದನ್ನು ಅವರ ಮುಂದಿಟ್ಟು ಕೇಳಿದ್ದು ಇಷ್ಟು: ಇದು ನಮ್ಮ ಮನೆಯವರ ಕೈ ದಾಟಿ ಬಂದದ್ದು. ನನ್ನ ಪಕ್ಕ ಮಣೆಯ ಮೇಲೆ ಇದನ್ನು ಕೂರಿಸುತ್ತೇನೆ. ಮದುವೆಯಾಗಲಿ.

ಸುದ್ದಿ ಹಬ್ಬಿ ಕೂಡಿದ ಜನ ನಗಬೇಕೋ ಬೈಯಬೇಕೋ ತಿಳಿಯದೆ ನಿಂತರು. ಗುರುನಾಥಪ್ಪನವರು ಗಂಡಸಿನ ಮಣೆಯ ಮೇಲೆ ಪೆಟ್ಟಿಗೆ ಕೂರಿಸಿದ್ದು ಎಲ್ಲಿಯೂ ಕೇಳಿಲ್ಲ ಎಂದರು. ಆಗ ಬಾಯಿ ಹಾಕಿದವನು ನಿಂಗಪ್ಪ.

"ಯಾಕ್ರೀ ಯಪ್ಪಾ, ಗೌಡ್ರ ಮಗಗ ಲಗ್ನದ ದಿನ ಮೈಲಿಬ್ಯಾನಿ ಎದ್ದು ಮಲಗಿದ್ದಾಗ ಅವನ ಖಡ್ಗಕ್ಕ ಬಾಸಿಂಗ ಕಟ್ಟಿ ಅಕ್ಕಿಕಾಳು ಹಾಕ್ಲಿಲ್ಲೇನ್ರಿ? ಆ ಹೆಣ್ಣುಮಗಳು ಈಗ ನಾಕು ಮಕ್ಕಳ ತಾಯಿ. ಖಡ್ಗ ಕೂತದ್ದು ನಡೀತೈತಿ ಅಂದ್ರ ಇದು ಯಾಕ ನಡೆಂಗಿಲ್ಲ? ಖಡ್ಗಕ್ಕ ಉಸಿರರ ಎಲ್ಲೈತಿ? ಇದಕ್ಕ ನೋಡ್ರಿ, ಗೌಡ್ರಿಗಿಂತ ಚಲೋ ಐತಿ!"

ಎದುರಿಗೇ ಕೂತಿದ್ದ ಯಮನಪ್ಪಗೌಡರು, ಆಗ ಅವರಿಗೆ ಎಂಬತ್ತು ದಾಟಿತ್ತು, ನಗಲು ಹೋಗಿ ಏದತೊಡಗಿದರು. ಅವರ ಏದುಸಿರು ಥೇಟು ಪೆಟ್ಟಿಗೆಯ ದನಿಯಂತೆಯೇ ಬಂತು. ಜನ ಬಿದ್ದು ಬಿದ್ದು ನಕ್ಕರು. ನಕ್ಕ ಮೇಲೆ ಇಲ್ಲ ಅನ್ನುವುದು ಕಷ್ಟ.

ಆದರೂ ಗುರುನಾಥಪ್ಪನವರು ಕಟ್ಟು ಬಿಡುವ ಮನುಷ್ಯರಲ್ಲ. ಅವರು ಒಂದು ಮಾತು ಇಟ್ಟರು. ಹಂದರಕ್ಕೆ ಬರುವ ಪ್ರತಿ ಮುತ್ತೈದೆಯೂ ಹೊಸ್ತಿಲಲ್ಲಿ ನಿಂತು ಒಡಪು ಇಟ್ಟು ಗಂಡನ ಹೆಸರು ಹೇಳಿ ಒಳಗೆ ಬರುವುದು ಪದ್ಧತಿ. ಬರಿಬಾಯಿಯಲ್ಲಿ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆ, ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಿದರೆ ಆಯುಷ್ಯ ಹೆಚ್ಚು. ಗಂಡ ತೀರಿದವಳಿಗೆ ಒಡಪಿಲ್ಲ. ಮೋನವ್ವನೂ ಎಲ್ಲರಂತೆ ಹೊಸ್ತಿಲಲ್ಲಿ ಒಡಪು ಇಟ್ಟು ಹೆಸರು ಹೇಳಲಿ. ಹೇಳಿದರೆ ಪೆಟ್ಟಿಗೆ ಮಣೆಯ ಮೇಲೆ. ಬಾಯಿ ತಡೆದರೆ ಹುಲ್ಲಿನ ಮನುಷ್ಯ, ಸೂತಕ ಕಳೆದು ಮದುವೆ ಮುಂದಿನ ಮುಹೂರ್ತಕ್ಕೆ. ಬೀಗರು ಅಷ್ಟು ದಿನ ಕಾಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಮೋನವ್ವ ತಲೆಯಾಡಿಸಿ ಬಂದಳು. ಬಂದ ಮೇಲೆ ಅವಳಿಗೆ ಚಿಂತೆ ಹತ್ತಿತು. ತನ್ನ ಮದುವೆಯಲ್ಲಿ ಅವಳು ಒಂದು ಒಡಪು ಹೇಳಿದ್ದಳು, ಅದು ಮರೆತುಹೋಗಿತ್ತು. ಹೊಸದು ಕಟ್ಟಲು ಕೂತರೆ ಪ್ರಾಸ ಸಿಕ್ಕರೆ ಅರ್ಥ ಸಿಗದು. ಹೇಗೋ ಎರಡು ಸಾಲು ಕಟ್ಟಿದರೂ ಹೆಸರಿನ ಹತ್ತಿರ ಬಂದಾಗ ನಾಲಿಗೆ ಭಾರವಾಗುತ್ತಿತ್ತು. ಒಡಪು ಎಂದರೆ ಇದ್ದಾನೆ ಎಂದಂತೆ. ಇದ್ದಾನೆಂದು ಯಾರು ಕಂಡಿದ್ದಾರೆ? ಒಂಬತ್ತು ದಿನ ತಿದಿ ಒತ್ತುತ್ತ ತುಟಿಯಾಡಿಸಿದಳು, ಒಂಬತ್ತು ದಿನವೂ ಹೆಸರು ಹಲ್ಲಿನ ಹಿಂದೆಯೇ ನಿಂತಿತು.

ಮದುವೆಯ ದಿನ ಬಂತು. ಹಸಿರು ಹಂದರ, ಹೊಸ್ತಿಲಿಗೆ ಅರಿಶಿನ. ಮುತ್ತೈದೆಯರು ಸಾಲಾಗಿ ಬಂದು ಒಡಪು ಇಟ್ಟು, ನಕ್ಕು, ನಾಚಿ, ಒಳಗೆ ಹೋದರು. ಗೌಡರ ಕಿರಿಯ ಸೊಸೆ ಒಡಪಿನಲ್ಲೇ ಗಂಡನಿಗೆ ಎರಡು ಬೈದು ಒಳಗೆ ಹೋದಳು. ಕೊನೆಗೆ ಉಳಿದವಳು ಮೋನವ್ವ. ಎದೆಗೆ ಅವಚಿದ ಪೆಟ್ಟಿಗೆ.

ಹೊಸ್ತಿಲ ಮೇಲೆ ನಿಂತಳು. ಬಾಯಿ ತೆರೆದಳು. ಏನೂ ಬರಲಿಲ್ಲ.

ಜನ ಕಾದರು.

ಹಂದರದೊಳಗೆ ನೀಲವ್ವ ಬಾಸಿಂಗದ ಕೆಳಗೆ ತಲೆ ತಗ್ಗಿಸಿ ಕೂತಿದ್ದಳು. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುರುನಾಥಪ್ಪನವರು ನೆಲ ನೋಡಿದರು, ಆ ಮನುಷ್ಯನಿಗೂ ನೋವಾಯಿತೆಂದು ಹೇಳುತ್ತಾರೆ. ಮೋನವ್ವ ಇನ್ನೇನು ಹಿಂದಕ್ಕೆ ತಿರುಗಬೇಕು, ಆಗ ಹೊರಗಿನಿಂದ ನಿಂಗಪ್ಪ ಕೂಗಿದ. ದಿನಾ ಕೂಗುವ ಹಾಗೆಯೇ ಕೂಗಿದ.

"ಯಕ್ಕಾ, ನೆಗಡಿ ಟಗರು ಹೆಂಗೈತಿ?"

ರೂಢಿಯ ಬಾಯಿ ತಾನೇ ತೆರೆಯಿತು.

"ಉಸಿರಾಡ್ತೈತಿ."

ಹೇಳಿದಳು, ಹೇಳಿದ್ದನ್ನು ತಾನೇ ಕೇಳಿದಳು. ಅವಳು ಒಂಬತ್ತು ವರ್ಷ ದಿನಾ ಹೇಳಿದ ಮಾತು ಅದು. ಅದರಲ್ಲಿ ಒಂದು ದಿನವೂ ಸುಳ್ಳಿರಲಿಲ್ಲ. ಅವನ ಕೈಯಿಂದ ಬಂದದ್ದು ಅವಳ ಕೈಯಲ್ಲಿ ಉಸಿರಾಡುತ್ತಿತ್ತು. ಅದಕ್ಕಿಂತ ಹೆಚ್ಚು ಅವಳಿಗೆ ಗೊತ್ತಿರಲಿಲ್ಲ, ಅದಕ್ಕಿಂತ ಕಡಿಮೆಯೂ ಗೊತ್ತಿರಲಿಲ್ಲ. ಅವಳು ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದು ಉದ್ದಕ್ಕೆ ಎಳೆದಳು. ಒತ್ತುತ್ತ ಒಡಪು ಇಟ್ಟಳು.

"ಗೌಡರ ಮುಂದ ಏದುಸಿರು ಯಮನಪ್ಪ,
ಸೊಸಿಯಾರ ಬಾಯಾಗ ಮಡಿಕಿ ಮಾವಪ್ಪ,
ಕುರುಬರ ಹಟ್ಟ್ಯಾಗ ನೆಗಡಿ ಟಗರಪ್ಪ,
ಅಂಬಿಗರ ದಂಡ್ಯಾಗ ತೂತು ಹರಗೋಲಪ್ಪ,
ಊರು ಇಟ್ಟ ಹೆಸರೆಲ್ಲ ಊರಿಗೇ ಇರಲೆಪ್ಪ,
ಇದಕ ನನಗ ಇಬ್ಬರಿಗೂ ಉಸಿರಾದವರು ಕಾಳಪ್ಪ."

ಒಂದೊಂದು ಹೆಸರಿಗೂ ಜನ ನಗುತ್ತಿದ್ದರು. ಕೊನೆಯ ಹೆಸರಿಗೆ ಯಾರೂ ನಗಲಿಲ್ಲ. ಕಾಳಪ್ಪ ಎಂಬ ಹೆಸರು ಆ ಮನೆಯ ಹೊಸ್ತಿಲಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು. ದೇವೇಂದ್ರ ಸುತ್ತಿಗೆ ಹಿಡಿಯುವ ಕೈಯಿಂದ ಮುಖ ಮುಚ್ಚಿಕೊಂಡ. ಗುರುನಾಥಪ್ಪನವರು ಎದ್ದು, ತಮ್ಮ ಹೆಗಲ ಮೇಲಿನ ಶಲ್ಯ ತೆಗೆದು ಗಂಡಸಿನ ಮಣೆಗೆ ಹಾಸಿದರು.

ಮೋನವ್ವ ಪಕ್ಕದ ಮಣೆಯ ಮೇಲೆ ಕೂತಳು. ಪೆಟ್ಟಿಗೆಗೂ ಅವಳಿಗೂ ಸೇರಿಸಿ ಅಕ್ಕಿಕಾಳು ಬಿದ್ದವು. ಆ ಹೊತ್ತಿಗೆ ಪೆಟ್ಟಿಗೆಯ ತೊಗಲು ಹರಿದು ಕೊನೆಯ ಉಸಿರು ಬಿಟ್ಟಿತು ಎಂದು ಕೆಲವರು ಕಣ್ಣಲ್ಲಿ ನೀರು ತಂದುಕೊಂಡು ಹೇಳುವುದುಂಟು. ಅದು ಸುಳ್ಳು. ಆಮೇಲೆಯೂ ಅವಳು ಅದನ್ನು ಎಷ್ಟೋ ಸಲ ಹೊಲಿದಿದ್ದಾಳೆ.

ಮದುವೆಯ ಮರುದಿನ ಬೆಳಿಗ್ಗೆ ಮೋನವ್ವ ಕುಲುಮೆಗೆ ಬಂದಳು. ತಿದಿಯ ಎರಡು ಚೀಲಗಳನ್ನು ಸವರಿ ನೋಡಿದಳು. ಆಮೇಲೆ ಅಲ್ಲಿ ಕೂರದೆ ಕಟ್ಟೆಯ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತಳು. ದೇವೇಂದ್ರ ಏನಾಯಿತು ಅತ್ತಿಗಿ ಎಂದು ಕೇಳಿದ.

"ಏನೂ ಆಗಿಲ್ಲಪ್ಪ," ಎಂದಳು. "ದಣಿದೇನಿ."

ಹನ್ನೆರಡು ವರ್ಷಗಳಲ್ಲಿ ಆ ಮಾತು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ದೇವೇಂದ್ರ ಅಂದು ಸುತ್ತಿಗೆ ಕೆಳಗಿಟ್ಟು ತಾನೇ ತಿದಿಗೆ ಕೂತ. ಅರ್ಧ ತಾಸಿಗೆ ಅವನ ತೋಳು ಸೋತವು. ಅದರ ಮೇಲೆ ಅವನು ಅತ್ತಿಗೆಯನ್ನು ತಿದಿಗೆ ಕರೆಯಲಿಲ್ಲ.

ಕಾಳಪ್ಪ ಬಂದನೇ? ಕೇಳಬಾರದು, ಆದರೂ ಎಲ್ಲರೂ ಕೇಳುತ್ತಾರೆ. ಆಚೆ ದಂಡೆಯವರು ಒಂದು ಹೇಳುತ್ತಾರೆ: ಎಷ್ಟೋ ವರ್ಷದ ಮೇಲೆ ಸೀಗಿ ಹುಣ್ಣಿಮೆಯ ಮಧ್ಯಾಹ್ನ ಬಿಳಿಗಡ್ಡದ ಒಬ್ಬ ಮನುಷ್ಯ ಹರಿಗೋಲಿಗೆ ಕಾಯುತ್ತ ನಿಂತಿದ್ದನಂತೆ, ಈಚೆಯಿಂದ ಪೆಟ್ಟಿಗೆಯ ದನಿ ಕೇಳಿ ಅಲ್ಲೇ ಮರದಡಿ ಮಲಗಿ ನಿದ್ದೆಹೋದನಂತೆ. ಎಚ್ಚರವಾದ ಮೇಲೆ ಏನಾಯಿತೆಂದು ಕೇಳಿದರೆ ಅವರಿಗೆ ಗೊತ್ತಿಲ್ಲ. ಈಚೆಯವರು ಯಾರೂ ಬರಲಿಲ್ಲ ಎನ್ನುತ್ತಾರೆ. ಅಂಬಿಗರ ಹನಮಪ್ಪ ಸಾಯುವ ತನಕ ಆ ಬಗ್ಗೆ ಬಾಯಿ ಬಿಡಲಿಲ್ಲ. ಮೋನವ್ವ ಅವನನ್ನು ಕೇಳಲೂ ಇಲ್ಲ.

ಈಗ ಆ ಹೊಳೆಗೂ ಸೇತುವೆಯಾಗಿದೆ. ಕುಲುಮೆಯಲ್ಲಿ ತೊಗಲಿನ ತಿದಿ ಇಲ್ಲ, ಗಾಳಿಗೆ ಯಂತ್ರ ಬಂದಿದೆ. ಪೆಟ್ಟಿಗೆಯ ಒಂದು ಮರದ ಬಿಲ್ಲೆ, ನಾಲ್ಕು ಗುಂಡಿ ಸವೆದದ್ದು, ಕಂಬಾರರ ಮನೆಯ ಜಗಲಿಯ ಮೇಲೆ ದೇವರ ಪಕ್ಕದಲ್ಲಿದೆ. ಇದ್ದಿಲಗೇರಿಯ ಮದುವೆಗಳಲ್ಲಿ ಹೆಣ್ಣುಮಕ್ಕಳು ಒಡಪು ಇಡುವಾಗ ಮೊದಲು ಪೆಟ್ಟಿಗೆಯ ಎರಡು ಮೂರು ಹೆಸರು ಹೇಳಿ, ಎಲ್ಲರನ್ನೂ ನಗಿಸಿ, ಒಂದು ಉದ್ದ ಉಸಿರೆಳೆದು, ಆಮೇಲೆ ಗಂಡನ ಹೆಸರು ಹೇಳುತ್ತಾರೆ. ಯಾಕೆ ಎಂದು ಕೇಳಿದರೆ ಹಿರಿಯರು ಹಾಗೆ ಮಾಡುತ್ತಿದ್ದರು ಎನ್ನುತ್ತಾರೆ.

ಇನ್ನೊಂದು ಪದ್ಧತಿಯನ್ನು ಅವರು ಪದ್ಧತಿಯೆಂದು ತಿಳಿದೇ ಇಲ್ಲ. ಆ ಊರಿನಲ್ಲಿ ದೂರ ಹೋದವರ ದಾರಿ ಕಾಯುವ ಹೆಂಗಸು ಯಾರೇ ಇರಲಿ, ಅವಳನ್ನು ಸುದ್ದಿ ಬಂತೇ ಎಂದು ಯಾರೂ ಕೇಳುವುದಿಲ್ಲ. ಅವಳ ಮನೆಗೆ ಹೋಗುತ್ತಾರೆ, ಅವಳ ಕೈಯಲ್ಲಿರುವ ಕೆಲಸ, ಜೋಳ ಹಸನು ಮಾಡುವುದೋ ಬಟ್ಟೆ ಹಿಂಡುವುದೋ, ಅದನ್ನು ತಾವು ತೆಗೆದುಕೊಳ್ಳುತ್ತಾರೆ. ಅವಳನ್ನು ಗೋಡೆಗೆ ಒರಗಿ ಕೂರಲು ಬಿಡುತ್ತಾರೆ. ಕೆಲಸ ಅರ್ಧ ಮುಗಿದ ಮೇಲೆ ಕೇಳುತ್ತಾರೆ:

"ನೆಗಡಿ ಟಗರು ಹೆಂಗೈತವಾ?"

ಅವಳು ಹೇಳುತ್ತಾಳೆ:

"ಉಸಿರಾಡ್ತೈತಿ."